ಸೀ ಸಚ್ಚನಾಲೈ ಆವಿಗೆಗಳಿಗೆ ಹೋಗುವವರಿಗೆ

ಥಾಯ್ಲೆಂಡಿನ ಸುಖೋಥಾಯ್‌ಗೆ ಹೋಗುವ ನಮ್ಮವರಲ್ಲಿ ಹೆಚ್ಚಿನವರು ಅಲ್ಲಿನ ಸ್ತೂಪಗಳನ್ನೂ ಬುದ್ಧನ ವಿಗ್ರಹಗಳನ್ನೂ ನೋಡಿ ಹಿಂದಿರುಗುತ್ತಾರೆ. ಅಲ್ಲಿಂದ ಉತ್ತರಕ್ಕೆ ಸುಮಾರು 55 ಕಿ.ಮೀ. ದೂರದ ಸೀ ಸಚ್ಚನಾಲೈ ಎಂಬ ಹಳೆಯ ನಗರದ ಆಚೆ, ಯೋಮ್ ನದಿಯ ದಂಡೆಯಲ್ಲಿ, ನೂರಾರು ಕುಂಬಾರ ಆವಿಗೆಗಳ ಅವಶೇಷಗಳಿವೆ. ಇಲ್ಲಿ ಸುಟ್ಟ ಸಂಗಖಲೋಕ್ ಪಾತ್ರೆಗಳು ಹಡಗು ಹತ್ತಿ ಇಂಡೋನೇಷ್ಯಾ, ಫಿಲಿಪ್ಪೀನ್ಸ್, ಜಪಾನ್‌ವರೆಗೂ ಹೋಗಿದ್ದವು.

ನಾವು ಮಾಡಿದ ತಪ್ಪನ್ನು ಮೊದಲೇ ಹೇಳಿಬಿಡುತ್ತೇನೆ. ಬೆಳಿಗ್ಗೆಯೆಲ್ಲ ಕೋಟೆಯೊಳಗಿನ ದೇವಾಲಯಗಳಲ್ಲಿ ಕಳೆದು, ಮಧ್ಯಾಹ್ನದ ಊಟವಾದ ಮೇಲೆ ಬಾಡಿಗೆ ಸೈಕಲ್ಲಿನಲ್ಲಿ ಆವಿಗೆಗಳಿರುವ ಬಾನ್ ಕೊ ನೊಯ್ ಕಡೆಗೆ ಹೊರಟೆವು. ಐದೇ ಕಿ.ಮೀ. ಎಂಬ ಧೈರ್ಯವಿತ್ತು, ಆದರೆ ಬಿಸಿಲಿಗೆ ಅಲ್ಲಲ್ಲಿ ನಿಂತು ಸಾಗಿ ತಲುಪುವಷ್ಟರಲ್ಲಿ ಬಾಗಿಲು ಹಾಕುವ ಹೊತ್ತಾಗಿತ್ತು. ಉಳಿದುಕೊಂಡದ್ದು ಸುಖೋಥಾಯ್‌ನಲ್ಲಾದ್ದರಿಂದ ಮರುದಿನ ಮತ್ತೆ ಅಷ್ಟೂ ದೂರ ಬರಬೇಕಾಯಿತು. ಆದ್ದರಿಂದ ಬೆಳಿಗ್ಗೆ ಬಾಗಿಲು ತೆರೆಯುತ್ತಿದ್ದಂತೆ ಆವಿಗೆಗಳನ್ನು ನೋಡಿ, ದೇವಾಲಯಗಳನ್ನು ಆಮೇಲೆ ಇಟ್ಟುಕೊಳ್ಳಿ. ನವೆಂಬರಿನಿಂದ ಫೆಬ್ರವರಿಯವರೆಗಿನ ತಿಂಗಳುಗಳು ಸೈಕಲ್ ತುಳಿಯುವುದಕ್ಕೆ ಅನುಕೂಲ. ದಾರಿ ಕೇಳುವಾಗ ‘ತಾವ್ ಥುರಿಯಂಗ್’ ಎಂದರೆ ಸ್ಥಳೀಯರಿಗೆ ಅರ್ಥವಾಗುತ್ತದೆ. ‘ತಾವ್’ ಎಂದರೆ ಒಲೆ.

ಬಾನ್ ಕೊ ನೊಯ್‌ನಲ್ಲಿ 42 ಮತ್ತು 61ನೆಯ ಸಂಖ್ಯೆಯ ಆವಿಗೆಗಳ ಮೇಲೆ ಚಾವಣಿ ಕಟ್ಟಿ, ಉತ್ಖನನ ಮಾಡಿದ ಸ್ಥಿತಿಯಲ್ಲೇ ಉಳಿಸಿದ್ದಾರೆ. ನಮ್ಮ ಊರುಗಳಲ್ಲಿ ಮಡಕೆಗಳನ್ನು ಒಟ್ಟಿ, ಹುಲ್ಲು ಬೆರಣಿ ಮುಚ್ಚಿ ಸುಡುವುದನ್ನು ಕಂಡವರಿಗೆ ಇವು ಬೇರೆಯೇ ಆಗಿ ಕಾಣುತ್ತವೆ. ಕವುಚಿ ಹಾಕಿದ ದೋಣಿಯಂತೆ ಉದ್ದನೆಯ ಗೂಡು. ಒಂದು ತುದಿಯಲ್ಲಿ ತಗ್ಗಾದ ಬೆಂಕಿಗುಂಡಿ, ನಡುವೆ ಪಾತ್ರೆ ಜೋಡಿಸುವ ಇಳಿಜಾರು ನೆಲ, ಇನ್ನೊಂದು ತುದಿಯಲ್ಲಿ ಹೊಗೆಗೂಡು. ಬೆಂಕಿ ಕೆಳಗಿನಿಂದ ಮೇಲಕ್ಕೇಳದೆ ಪಾತ್ರೆಗಳ ನಡುವೆ ಅಡ್ಡಲಾಗಿ ಹರಿದು ಹೋಗುತ್ತಿದ್ದುದರಿಂದಲೇ 1,200 ಡಿಗ್ರಿ ಸೆಲ್ಸಿಯಸ್‌ಗೂ ಮೀರಿದ ಕಾವು ಸಾಧ್ಯವಾಗುತ್ತಿತ್ತು. ಆರಂಭದ ಆವಿಗೆಗಳನ್ನು ನೆಲದೊಳಗೇ ಕೊರೆಯುತ್ತಿದ್ದರು, ನಂತರದವನ್ನು ಇಟ್ಟಿಗೆಯಿಂದ ನೆಲದ ಮೇಲೆ ಕಟ್ಟಿದರು. ಗೋಡೆಯನ್ನು ಹತ್ತಿರದಿಂದ ನೋಡಿ: ಹಾರಿದ ಸೌದೆ ಬೂದಿ ಕರಗಿ, ಗಾಜಿನಂತೆ ಹೊಳೆಯುವ ಪದರವಾಗಿ ಅಂಟಿಕೊಂಡಿರುತ್ತದೆ.

ಕೊಳವೆಯಾಕಾರದ ಮಣ್ಣಿನ ಆಸರೆಗಳನ್ನು ಗಮನಿಸದೆ ಮುಂದೆ ಹೋಗಬೇಡಿ. ಪಾತ್ರೆಯನ್ನು ನೆಲಕ್ಕೆ ತಾಗಿಸದೆ ಇವುಗಳ ಮೇಲೆ ಕೂರಿಸಿ ಸುಡುತ್ತಿದ್ದರು. ಹಾಗಾಗಿ ಇಲ್ಲಿನ ಸೆಲಡಾನ್ ಎಂಬ ತಿಳಿಹಸಿರು ಹೊಳಪುಲೇಪದ ಬಟ್ಟಲುಗಳ ತಳದಲ್ಲಿ ಬಳೆಯ ಅಚ್ಚಿನಂಥ ಕಪ್ಪು ಉಂಗುರ ಉಳಿದಿದೆ. ಸವನ್‌ಖಲೋಕ್ ಪಟ್ಟಣದ ಸವನ್‌ವೊರನಾಯೊಕ್ ರಾಷ್ಟ್ರೀಯ ವಸ್ತುಸಂಗ್ರಹಾಲಯ ಸುಖೋಥಾಯ್‌ಗೆ ಮರಳುವ ದಾರಿಯಲ್ಲೇ ಸಿಗುತ್ತದೆ. ಅಲ್ಲಿನ ಪಾತ್ರೆಗಳನ್ನು ಆವಿಗೆ ನೋಡಿದ ಮೇಲೆ ನೋಡಿದರೆ ಪ್ರತಿಯೊಂದೂ ಗೂಡಿನಲ್ಲಿ ಹೇಗೆ ಕುಳಿತಿತ್ತು ಎಂಬುದು ಮನಸ್ಸಿಗೆ ಬರುತ್ತದೆ. ನನಗಂತೂ ಸುಂದರವಾದ ಬಟ್ಟಲುಗಳಿಗಿಂತ, ಕಾವು ಮಿತಿಮೀರಿ ಸೊಟ್ಟಗಾಗಿ ಒಂದಕ್ಕೊಂದು ಅಂಟಿಕೊಂಡ ಕೆಟ್ಟ ಪಾತ್ರೆಗಳ ಗುಂಪೇ ಹೆಚ್ಚು ಹಿಡಿಸಿತು. ಒಂದು ಸಲದ ದುಡಿಮೆಯೆಲ್ಲ ಹಾಳಾದ ಕುಂಬಾರನ ಮುಖ ಕಂಡಂತಾಯಿತು.

ಆವಿಗೆಗಳ ಸುತ್ತಲಿನ ದಿಬ್ಬಗಳಲ್ಲಿ ಕಾಲಿಗೆ ಬೋಕಿಗಳು ತಾಗುತ್ತವೆ. ಕುಂಟೆಬಿಲ್ಲೆ ಆಡಿ ಬೆಳೆದವರಿಗೆ ಒಂದನ್ನು ಜೇಬಿಗೆ ಹಾಕಿಕೊಳ್ಳುವ ಆಸೆಯಾಗುವುದು ಸಹಜ, ಆದರೆ ಮುಟ್ಟಬೇಡಿ. ಅನುಮತಿಯಿಲ್ಲದೆ ಪುರಾತನ ವಸ್ತುಗಳನ್ನು ದೇಶದಾಚೆ ಒಯ್ಯುವುದು ಅಲ್ಲಿ ಅಪರಾಧ. ‘ಹಳೆಯದು’ ಎಂದು ಯಾರಾದರೂ ಬಟ್ಟಲು ತೋರಿಸಿದರೂ ಕೊಳ್ಳದಿರುವುದೇ ಕ್ಷೇಮ. ನೆನಪಿಗೆ ಬೇಕೆಂದರೆ ಮೀನಿನ ಚಿತ್ರ ಬರೆದ ಹೊಸ ತಟ್ಟೆಗಳು ಸಿಗುತ್ತವೆ. ನಾವು ಕೊಂಡ ತಟ್ಟೆಯನ್ನು ಪಂಚೆಯಲ್ಲಿ ಸುತ್ತಿ ಕೈಚೀಲದಲ್ಲೇ ತಂದೆವು. ಬೆಂಗಳೂರಿನವರೆಗೆ ಒಡೆಯದೆ ಬಂತು.