ಹಿಂದಿನ ಚಕ್ರದ ಬೇರಿಂಗ್ ವರ್ಷಕ್ಕೇ ಯಾಕೆ ಹೋಯಿತು?

ಕಳೆದ ಮಳೆಗಾಲದ ಮುಂಚೆ ಹಾಕಿಸಿದ್ದ ಬೇರಿಂಗು ಈ ಮಳೆ ಹಿಡಿಯುವ ಮೊದಲೇ ಗುಂಯ್‌ಗುಡುತ್ತಿತ್ತು. 150 ಸಿಸಿ ಬೈಕು, ಅಲಾಯ್ ಚಕ್ರ, ಹಿಂದೆ ಡ್ರಮ್ ಬ್ರೇಕು. ಸರಿಯಾಗಿ ಕೂತ ಬೇರಿಂಗು ಹತ್ತಾರು ಸಾವಿರ ಕಿಲೋಮೀಟರ್ ಮಾತಾಡದೆ ಓಡುತ್ತದೆ. ವರ್ಷಕ್ಕೇ ಹೋದರೆ ಹೊಸದು ಹಾಕುವ ಮುಂಚೆ ಕಾರಣ ಹುಡುಕಬೇಕು. ಭಾನುವಾರ ಅಂಗಳದಲ್ಲೇ ಚಕ್ರ ಬಿಚ್ಚಿದ್ದು ಅದಕ್ಕೆ.

ಬಿಚ್ಚುವ ಮುಂಚೆ ಸೆಂಟರ್ ಸ್ಟ್ಯಾಂಡ್ ಹಾಕಿ, ಒಂದು ಕೈಯಲ್ಲಿ ಟೈರನ್ನು ಆ ಕಡೆ ಈ ಕಡೆ ಅಲುಗಾಡಿಸಿ, ಇನ್ನೊಂದು ಕೈಯ ಬೆರಳನ್ನು ಸ್ವಿಂಗ್ ಆರ್ಮ್ (ಹಿಂದಿನ ಚಕ್ರವನ್ನು ಹಿಡಿದಿರುವ ತೋಳು) ತುದಿಯಲ್ಲಿ ಇಡಿ. ಸ್ವಿಂಗ್ ಆರ್ಮೂ ಚಕ್ರದ ಜತೆ ಅಲುಗಿದರೆ ಹೋಗಿರುವುದು ಅದರ ಬುಷ್ಷು. ಚಕ್ರ ಮಾತ್ರ ಅಲುಗಿದರೆ ಬೇರಿಂಗೇ. ಶಬ್ದ ಕೇಳಿಯೇ ತೀರ್ಮಾನಿಸುವುದಾದರೆ ಚೈನು ಇಳಿಸಿ ತಿರುಗಿಸಿ, ಇಲ್ಲದಿದ್ದರೆ ಚೈನಿನ ಗದ್ದಲದಲ್ಲಿ ಏನೂ ತಿಳಿಯುವುದಿಲ್ಲ.

ಆಕ್ಸಲ್ ನಟ್ಟನ್ನು ಚಕ್ರ ನೆಲದಲ್ಲಿರುವಾಗಲೇ, ಬ್ರೇಕ್ ಒತ್ತಿ ಹಿಡಿದು ಸಡಿಲಿಸಿಕೊಳ್ಳಬೇಕು. ಆಮೇಲೆ ಬ್ರೇಕ್ ರಾಡು, ಬ್ರೇಕ್ ಪ್ಲೇಟು ತಿರುಗದಂತೆ ಹಿಡಿಯುವ ಟಾರ್ಕ್ ಲಿಂಕು, ಚೈನು. ಆಕ್ಸಲ್ ಎಳೆದಾಗ ಎರಡೂ ಕಡೆಯ ಕಾಲರ್‌ಗಳು, ಅಂದರೆ ಆಕ್ಸಲಿಗೆ ತೊಡಿಸಿದ ಗಿಡ್ಡ ಕೊಳವೆಗಳು, ಬೀಳುತ್ತವೆ. ಅವು ನೋಡಲು ಒಂದೇ ಥರ, ಉದ್ದ ಮಾತ್ರ ಬೇರೆ. ಯಾವುದು ಎಡ, ಯಾವುದು ಬಲ ಎಂದು ಮೊಬೈಲಲ್ಲಿ ಫೋಟೊ ತೆಗೆದಿಟ್ಟುಕೊಂಡರೆ ಜೋಡಿಸುವಾಗ ತಲೆ ಕೆರೆದುಕೊಳ್ಳಬೇಕಿಲ್ಲ. ಡ್ರಮ್ಮಿನ ದೂಳನ್ನು ಬಾಯಲ್ಲಿ ಊದಬೇಡಿ, ಒದ್ದೆ ಬಟ್ಟೆಯಲ್ಲಿ ಒರೆಸಿ.

ಈ ಚಕ್ರದಲ್ಲಿ ಮೂರು ಬೇರಿಂಗ್: ಹಬ್ಬಿನ (ಚಕ್ರದ ನಡುಭಾಗ) ಎರಡು ಪಕ್ಕದಲ್ಲಿ 6202, ಚೈನು ಓಡುವ ಹಲ್ಲುಚಕ್ರ ಸ್ಪ್ರಾಕೆಟ್ ಕೂತಿರುವ ಕಪ್ಲಿಂಗಿನಲ್ಲಿ 6204. ನಂಬರು ಸೀಲಿನ ಮೇಲೇ ಇರುತ್ತದೆ. 6202 ಅಂದರೆ ಒಳ ರಂಧ್ರ 15, ಹೊರ ವ್ಯಾಸ 35, ದಪ್ಪ 11 ಮಿ.ಮೀ. 04ರಿಂದ ಮೇಲಿನ ನಂಬರುಗಳಲ್ಲಿ ಕೊನೆಯ ಎರಡು ಅಂಕಿಯನ್ನು ಐದರಿಂದ ಗುಣಿಸಿದರೆ ಒಳ ರಂಧ್ರದ ಅಳತೆ, 6204ಕ್ಕೆ 20. ಅಂಗಡಿಯಲ್ಲಿ 2ಆರ್‌ಎಸ್ ಕೇಳಿ, ಎರಡೂ ಕಡೆ ರಬ್ಬರ್ ಸೀಲ್ ಇರುವುದು. ತಗಡಿನ ಮುಚ್ಚಳದ ಝಡ್‌ಝಡ್ ನಮ್ಮ ಮಳೆಗೆ, ಅದಕ್ಕಿಂತ ಹೆಚ್ಚಾಗಿ ನಮ್ಮ ವಾಟರ್ ಸರ್ವಿಸ್ಸಿಗೆ, ತಡೆಯುವುದಿಲ್ಲ.

ಹಳೆಯದನ್ನು ತೆಗೆಯುವುದು ಎದುರು ಪಕ್ಕದಿಂದ. ಮೊದಲು ದೂಳಿನ ಸೀಲನ್ನು ಎಬ್ಬಿ ತೆಗೆಯಿರಿ, ಬೇರಿಂಗನ್ನು ಹಿಡಿದಿಡುವ ಸರ್‌ಕ್ಲಿಪ್ ಇದ್ದರೆ ಅದನ್ನೂ. ಎರಡು ಬೇರಿಂಗಿನ ನಡುವೆ ಸ್ಪೇಸರ್ ಎಂಬ ಉಕ್ಕಿನ ಕೊಳವೆ ಇರುತ್ತದೆ. ಅದನ್ನು ಸ್ಕ್ರೂಡ್ರೈವರಿನಿಂದ ಪಕ್ಕಕ್ಕೆ ಸರಿಸಿದರೆ ಆಚೆ ಬೇರಿಂಗಿನ ಒಳ ಬಳೆಯ ಅಂಚು ಒಂದೆರಡು ಮಿ.ಮೀ. ಕಾಣುತ್ತದೆ. ಉದ್ದನೆಯ ಪಂಚ್ ಅಲ್ಲಿಗೆ ಕೊಟ್ಟು ಒಂದು ಏಟು ಈಚೆ, ಒಂದು ಏಟು ಅದರ ಎದುರು. ಒಂದೇ ಕಡೆ ಬಡಿದರೆ ಬೇರಿಂಗ್ ಓರೆಯಾಗಿ ಕಚ್ಚಿಕೊಂಡು ತಾನು ಕೂತಿರುವ ಅಲ್ಯೂಮಿನಿಯಂ ಗೂಡನ್ನು ಕೆರೆಯುತ್ತದೆ. ಬಿಗಿಯಾಗಿದ್ದರೆ ಹಬ್ಬಿಗೆ ಹಳೆ ಬಟ್ಟೆ ಸುತ್ತಿ ಕುದಿಯುವ ನೀರು ಹೊಯ್ಯಿರಿ. ಅಲ್ಯೂಮಿನಿಯಂ ಉಕ್ಕಿನ ಸುಮಾರು ಎರಡರಷ್ಟು ಹಿಗ್ಗುತ್ತದೆ. 35 ಮಿ.ಮೀ. ಗೂಡಿನಲ್ಲಿ ವ್ಯತ್ಯಾಸ 0.02–0.03 ಮಿ.ಮೀ. ಅಷ್ಟೆ, ಆದರೆ ಬೇರಿಂಗ್ ಹಿಡಿದುಕೊಂಡಿರುವುದೂ ಅಷ್ಟರಲ್ಲೇ. ಹೀಗೆ ಬಡಿಸಿಕೊಂಡು ಬಂದದ್ದು ಎಷ್ಟೇ ಚೆನ್ನಾಗಿ ಕಂಡರೂ ಮತ್ತೆ ಹಾಕುವಂತಿಲ್ಲ. ಒಳ ಬಳೆಗೆ ಬಿದ್ದ ಏಟು ಎರಡು ಬಳೆಗಳ ನಡುವಿನ ಗುಂಡುಗಳ ಮೂಲಕ ಹಾದು ಹೋಗಿರುತ್ತದೆ.

ಹೊರಬಂದ ಬೇರಿಂಗಿನ ಸೀಲ್ ಕಿತ್ತು ಗ್ರೀಸ್ ನೋಡುವುದನ್ನು ಬಿಡಬೇಡಿ. ಕಪ್ಲಿಂಗಿನ 6204ರಲ್ಲಿ ಅದು ಕೆಂಪಗೆ ತುಕ್ಕಿನ ಕೆಸರಾಗಿತ್ತು. ಅದು ನೀರಿನ ಕೆಲಸ. ಪ್ರೆಷರ್ ಪೈಪನ್ನು ನೇರ ಆಕ್ಸಲಿಗೆ ಹಿಡಿದರೆ ಸವೆದ ಸೀಲಿನ ತುಟಿ ನೀರು ತಡೆಯುವುದಿಲ್ಲ. ಹಬ್ಬಿನ 6202 ಎರಡರಲ್ಲೂ ತುಕ್ಕಿನ ಸುಳಿವಿಲ್ಲ. ಗ್ರೀಸ್ ಕಪ್ಪಾಗಿ ಸುಟ್ಟು ಒಣಗಿತ್ತು. ಬಿಸಿಯಾಗಿ ಸತ್ತ ಬೇರಿಂಗ್ ಅದು.

ಕಾರಣ ಸ್ಪೇಸರಿನಲ್ಲಿ ಸಿಕ್ಕಿತು. ಅದರ ಒಂದು ತುದಿ ಉಳಿಯ ಏಟಿಗೆ ಹೊರಕ್ಕೆ ಹರಡಿ ಹೊಳೆಯುತ್ತಿತ್ತು. ಹಿಂದಿನ ಸಲ ಯಾರೋ ಬಳೆಯ ಅಂಚು ಹುಡುಕದೆ ಸ್ಪೇಸರಿಗೇ ಬಡಿದಿದ್ದಾರೆ. ಕ್ಯಾಲಿಪರಿನಲ್ಲಿ ಹಿಡಿದು ತಿರುಗಿಸಿದರೆ ಒಂದು ಮಗ್ಗುಲು ಅರ್ಧ ಮಿ.ಮೀ. ಗಿಡ್ಡ. ಆಕ್ಸಲ್ ನಟ್ ಬಿಗಿದಾಗ ಆ ಒತ್ತಡವನ್ನೆಲ್ಲ ಕಾಲರ್, ಒಳ ಬಳೆ, ಸ್ಪೇಸರ್ ಸಾಲಾಗಿ ಹೊರಬೇಕು. ಸ್ಪೇಸರ್ ಗಿಡ್ಡವಾದರೆ ನಟ್ಟು ಎರಡೂ ಒಳ ಬಳೆಗಳನ್ನು ಒಂದರತ್ತ ಒಂದು ಎಳೆಯುತ್ತದೆ, ಹೊರ ಬಳೆಗಳು ಗೂಡಿನ ತಳದ ಮೆಟ್ಟಿಲಿಗೆ ತಗುಲಿ ಅಲ್ಲೇ ನಿಲ್ಲುತ್ತವೆ. ಗುಂಡುಗಳು ಬಳೆಯ ತೋಡಿನ ನಡು ಬಿಟ್ಟು ಅಂಚಿನ ಮೇಲೆ ಓಡುತ್ತವೆ. ಇಂಥ ಹಬ್ಬಿಗೆ ಎಷ್ಟು ದುಬಾರಿ ಬೇರಿಂಗ್ ಹಾಕಿದರೂ ಸುಡುತ್ತದೆ. ಹರಡಿದ ತುದಿಯನ್ನು ಉಜ್ಜಿ ನೇರ ಮಾಡುವ ಆಸೆ ಬೇಡ, ಇನ್ನಷ್ಟು ಗಿಡ್ಡವಾಗುತ್ತದೆ. ಹೊಸ ಸ್ಪೇಸರೇ ತರಬೇಕು. ಗೂಡಿನ ಎರಡು ಮೆಟ್ಟಿಲುಗಳ ನಡುವಿನ ಅಂತರಕ್ಕಿಂತ ಅದು ಕೂದಲೆಳೆಯಷ್ಟು ಉದ್ದವೇ ಇರಬೇಕು, ಕಡಿಮೆ ಮಾತ್ರ ಇರಬಾರದು.

ಹೊಸ ಬೇರಿಂಗುಗಳು ಹಿಂದಿನ ರಾತ್ರಿಯಿಂದ ಫ್ರೀಜರಿನಲ್ಲಿದ್ದವು, ಪ್ಲಾಸ್ಟಿಕ್ ಕವರಿನೊಳಗೆ. ಹಬ್ ಬಿಸಿ ಮಾಡಿ, ಗೂಡು ಒರೆಸಿ, ಮೊದಲು ಗಟ್ಟಿ ಮೆಟ್ಟಿಲಿನ ತನಕ ಕೂರಬೇಕಾದ ಪಕ್ಕದ್ದು. ಅದು ಯಾವ ಪಕ್ಕ ಎಂದು ಮ್ಯಾನ್ಯುಯಲ್ ಹೇಳುತ್ತದೆ. ಒತ್ತುವುದು ಹೊರ ಬಳೆಯನ್ನು ಮಾತ್ರ: 35 ಮಿ.ಮೀ.ಗಿಂತ ಚೂರೇ ಸಣ್ಣ ಹೊರ ವ್ಯಾಸದ ಸಾಕೆಟ್, ಇಲ್ಲವೇ ಹೊರಮೈ ತುಸು ಉಜ್ಜಿದ ಹಳೆ ಬೇರಿಂಗು. 12 ಮಿ.ಮೀ. ಥ್ರೆಡ್ ರಾಡು, ಎರಡು ನಟ್ಟು, ದಪ್ಪ ವಾಷರ್ ಇದ್ದರೆ ಸುತ್ತಿಗೆಯೇ ಬೇಡ. ಪಾನಾ ತಿರುಗಿಸುತ್ತ ಹೋದಂತೆ ನೆಟ್ಟಗೆ ಇಳಿಯುತ್ತದೆ. ತಳ ಮುಟ್ಟಿದ್ದು ಕೈಗೆ ಗೊತ್ತಾಗುತ್ತದೆ. ಸುತ್ತಿಗೆಯಾದರೆ ಮಂಕು ಶಬ್ದ ಹೋಗಿ ಕಣಕಣ ಅನ್ನುತ್ತದೆ.

ಆಮೇಲೆ ಚಕ್ರ ಮಗುಚಿ ಸ್ಪೇಸರ್ ಇಳಿಸಿ. ಇದನ್ನು ಮರೆತರೆ ಮತ್ತೆ ಎಲ್ಲ ಬಿಚ್ಚಬೇಕು, ಬೇರಿಂಗೂ ಹೊಸದೇ ತರಬೇಕು. ಎರಡನೆಯ ಬೇರಿಂಗ್ ಸ್ಪೇಸರನ್ನು ಮುಟ್ಟಿದ ಕ್ಷಣ ಕೈ ನಿಲ್ಲಿಸಿ. ಬೆರಳು ಹಾಕಿ ನೋಡಿ: ಸ್ಪೇಸರ್ ಲೊಡಲೊಡ ಅನ್ನಬಾರದು, ಆದರೆ ಬಲವಾಗಿ ತಳ್ಳಿದರೆ ಅಡ್ಡಕ್ಕೆ ಚೂರು ಜರುಗಬೇಕು. ಒಳ ಬಳೆ ತಿರುವಿದರೆ ನುಣ್ಣಗೆ ತಿರುಗಬೇಕು. ಕಪ್ಲಿಂಗಿಗೆ ಬೇರಿಂಗಿನ ಜತೆ ದೂಳಿನ ಸೀಲೂ ಹೊಸದು, ಅದರ ತುಟಿಗೆ ಬೆರಳಿನಷ್ಟು ಗ್ರೀಸ್. ಡ್ರಮ್ಮಿನೊಳಗೆ ಗ್ರೀಸಿನ ಕೈ ತಾಗಬಾರದು.

ಜೋಡಿಸುವಾಗ ಟಾರ್ಕ್ ಲಿಂಕಿನ ಬೋಲ್ಟಿಗೆ ಹೊಸ ಸ್ಪ್ಲಿಟ್ ಪಿನ್, ಆಕ್ಸಲ್ ನಟ್ಟಿಗೆ ಮ್ಯಾನ್ಯುಯಲ್ಲಿನ ಟಾರ್ಕು (ಬಿಗಿಯುವ ಬಲದ ಅಳತೆ). ಚೈನಿನ ಸಡಿಲು ಚೈನ್ ಕೇಸಿನ ಸ್ಟಿಕ್ಕರಿನಲ್ಲಿದ್ದಷ್ಟೇ. ಬಿಗಿ ಚೈನು ಮೊದಲು ತಿನ್ನುವುದು ಕಪ್ಲಿಂಗಿನ ಬೇರಿಂಗನ್ನೇ. ನಟ್ ಬಿಗಿಯುವ ಮುಂಚೆ ಹಗುರಾಗಿ ತಿರುಗುತ್ತಿದ್ದ ಚಕ್ರ ಬಿಗಿದ ಮೇಲೆ ಭಾರವಾದರೆ ಸ್ಪೇಸರ್ ಅಥವಾ ಕಾಲರ್ ತಪ್ಪಿದೆ. ಓಡಿಸಿ ನೋಡುವಾಗ ಮುಂದಿನ ಬ್ರೇಕ್ ಮಾತ್ರ ಬಳಸಿ, ನಾಲ್ಕೈದು ಕಿಲೋಮೀಟರ್ ನಿಧಾನ ಹೋಗಿ ಹಬ್ ಮುಟ್ಟಿ. ಹಿಂದಿನ ಬ್ರೇಕ್ ಒತ್ತದೆಯೂ ಹಬ್ ಬಿಸಿಯಾಗಿದ್ದರೆ ಒಂದೋ ಬ್ರೇಕ್ ಶೂ ಕಚ್ಚುತ್ತಿದೆ, ಇಲ್ಲವೇ ಬೇರಿಂಗು. ಬ್ರೇಕ್ ರಾಡಿನ ನಟ್ ನಾಲ್ಕು ಸುತ್ತು ಸಡಿಲಿಸಿ, ಹಬ್ ಆರಿದ ಮೇಲೆ ಮತ್ತೆ ಅಷ್ಟೇ ದೂರ ನಿಧಾನ ಓಡಿಸಿದರೆ ಯಾವುದೆಂದು ಗೊತ್ತಾಗುತ್ತದೆ.