ಗೋಡೆಗಿಂತ ಕಿಟಕಿಯೇ ಜಾಸ್ತಿ

ಇವತ್ತು ದಾರಿಯಲ್ಲಿ ಬಾಗಿಲು ಮುಚ್ಚಿದ ಹಳೇ ಬಟ್ಟೆ ಮಿಲ್ ಒಂದು ಕಣ್ಣಿಗೆ ಬಿತ್ತು. ಎಲ್ಲಿ ನೋಡಿದರೂ ಕಿಟಕಿ. ಅರ್ಧಕ್ಕರ್ಧ ಗಾಜು ಒಡೆದಿತ್ತು, ಅದು ಬೇರೆ ಮಾತು.

ಗಾಳಿಗೆ ಅಂತಲೇ ಅಂದುಕೊಂಡಿದ್ದೆ. ಆದರೆ ಮುಖ್ಯವಾಗಿ ಬೇಕಿದ್ದದ್ದು ಬೆಳಕು. ಕರೆಂಟ್ ಬರುವ ಮೊದಲು ಎಣ್ಣೆ ದೀಪ, ಗ್ಯಾಸ್ ದೀಪವೇ ಗತಿ. ಹತ್ತಿಯ ಧೂಳು ಹಾರಾಡುವ ಕಡೆ ಉರಿಯುವ ದೀಪ ಇಡೋದು ಸುಮ್ನೆ ಮಾತಾ? ಸೂರ್ಯನಾದರೆ ಪುಕ್ಕಟೆ, ಬೆಂಕಿಯ ಭಯವೂ ಇಲ್ಲ. ಬೆಳಕು ನಡುವಿನವರೆಗೂ ತಲುಪಲಿ ಅಂತ ಎಷ್ಟೋ ಮಿಲ್‌ಗಳನ್ನು ಉದ್ದಕ್ಕೆ, ಕಡಿಮೆ ಅಗಲಕ್ಕೆ ಕಟ್ಟುತ್ತಿದ್ದರು.

ನನಗೆ ತುಂಬಾ ಹಿಡಿಸಿದ್ದು ಗರಗಸದ ಹಲ್ಲಿನಂಥ ಚಾವಣಿ. ಭೂಮಧ್ಯರೇಖೆಯ ಉತ್ತರದ ದೇಶಗಳಲ್ಲಿ ಅದರ ಗಾಜು ಸಾಮಾನ್ಯವಾಗಿ ಉತ್ತರಕ್ಕೇ ಮುಖ ಮಾಡಿರುತ್ತದೆ. ನೇರ ಬಿಸಿಲು ಕಣ್ಣಿಗೆ ಹೊಡೆಯುವುದಿಲ್ಲ, ದಿನವಿಡೀ ಒಂದೇ ಸಮನೆ ಬೆಳಕು. ಕಡಿದ ಎಳೆ ಕಾಣಬೇಕಲ್ವಾ?

ತಮಾಷೆ ಅಂದರೆ, ಒಣಗಾಳಿಗೆ ನೂಲು ಬೇಗ ಕಡಿಯುತ್ತದೆ ಅಂತ ನೂಲುವ ಕಡೆ ಆ ಕಿಟಕಿಗಳನ್ನು ಹೆಚ್ಚಾಗಿ ಮುಚ್ಚಿಯೇ ಇಡುತ್ತಿದ್ದರು! ಒಳಗಿದ್ದವರ ಸೆಕೆ ಕೇಳುವವರು ಯಾರು?

1930ರ ದಶಕದ ಕೊನೆಗೆ ಟ್ಯೂಬ್‌ಲೈಟ್ ಮಾರುಕಟ್ಟೆಗೆ ಬಂತು. ಆಮೇಲೆ ಕಿಟಕಿಯಿಲ್ಲದ ಕಾರ್ಖಾನೆಗಳೂ ಎದ್ದವು. ನಾನು ಕೂರುವ ಜಾಗದಲ್ಲೂ ಕಿಟಕಿಯಿಲ್ಲ. ಹೊರಗೆ ಮಳೆ ಬಂದದ್ದು ಗೊತ್ತಾಗೋದು ಯಾರಾದರೂ ನೆನೆದುಕೊಂಡು ಒಳಗೆ ಬಂದಾಗಲೇ.