ಎರಡನೇ ಡಿಕಾಕ್ಷನ್

ಮೂರು ವಾರದಿಂದ ಕಾಫಿ ಕಡಿಮೆ ಮಾಡಿದ್ದೇನೆ. ದಿನಕ್ಕೆ 5 ಲೋಟ ಇದ್ದದ್ದು ಈಗ 2. ಕಾರಣ ಆರೋಗ್ಯ ಅಂತ ಎಲ್ಲರಿಗೂ ಹೇಳುತ್ತೇನೆ. ನಿಜ ಹೇಳಬೇಕೆಂದರೆ, ಮುಂಬೈನ ಮಾಟುಂಗಾದಲ್ಲಿ ಅರ್ಧ ಕೇಜಿ ಪುಡಿಯ ಬಿಲ್ಲು ನೋಡಿ ಎದೆ ಧಸಕ್ಕೆಂದಿತ್ತು.

ಮೊದಲ ಎರಡು ದಿನ ವಿಪರೀತ ತಲೆನೋವು. ಡೊಂಬಿವಲಿಯ ಫಾಸ್ಟ್ ಲೋಕಲ್‌ನಲ್ಲಿ ನಿಂತು, ಯಾರ ಮೇಲೆ ರೇಗಲಿ ಅಂತ ಹುಡುಕುತ್ತಿದ್ದೆ. ಒಮ್ಮೆಗೇ ಬಿಡಬಾರದಿತ್ತು, ಸ್ವಲ್ಪ ಸ್ವಲ್ಪ ಇಳಿಸಬೇಕಿತ್ತು.

ಆಮೇಲೆ ಪುಡಿ ಕೊಳ್ಳುವಾಗ ಕಾಫಿ-ಚಿಕೋರಿ 80:20 ಬದಲು 60:40 ಕೇಳಿದೆ. ಚಿಕೋರಿ ಅಂದರೆ ಹುರಿದ ಬೇರಿನ ಪುಡಿ; ಅಗ್ಗ, ಅದರಲ್ಲಿ ಕೆಫೀನ್ ಇಲ್ಲವೇ ಇಲ್ಲ. ಡಿಕಾಕ್ಷನ್ ಮಾತ್ರ ಕಪ್ಪಗೆ, ಗಟ್ಟಿಯಾಗಿ ಇಳಿಯುತ್ತದೆ. ನಾಲಿಗೆಗೆ ಮೋಸ ಆಗಿದ್ದು ಅಷ್ಟಾಗಿ ಗೊತ್ತಾಗುವುದಿಲ್ಲ. ಬೀಜ ಅರೇಬಿಕಾನೇ ಇರಲಿ ಅಂದೆ. ರೋಬಸ್ಟಾದಲ್ಲಿ ಕೆಫೀನ್ ಹೆಚ್ಚುಕಡಿಮೆ ಎರಡು ಪಟ್ಟು. (ಬೆಲೆ ಅರೇಬಿಕಾಗೇ ಜಾಸ್ತಿ. ಹಾಗಾಗಿ ಉಳಿತಾಯ ಅಂತ ಜಂಬ ಕೊಚ್ಚುವಷ್ಟೇನೂ ಇಲ್ಲ.)

ಸಂಜೆಗೆ ಎರಡನೇ ಡಿಕಾಕ್ಷನ್, ಅಂದರೆ ಬೆಳಗಿನ ಅದೇ ಪುಡಿಗೆ ಮತ್ತೆ ಬಿಸಿನೀರು ಹಾಕಿ ಇಳಿಸಿದ್ದು. ಊರಲ್ಲಿ ಅಮ್ಮ ಅದನ್ನು ಕರೆಯದೆ ಬರುವ ನೆಂಟರಿಗೆ ಎತ್ತಿಡುತ್ತಿದ್ದಳು. ಈಗ ನನ್ನ ಮನೆಯಲ್ಲಿ ನಾನೇ ಆ ನೆಂಟ!

"ಅದು ಕಾಫಿ ಅಲ್ಲ, ಫಿಲ್ಟರ್ ತೊಳೆದ ನೀರು" ಅನ್ನುತ್ತಾಳೆ ಇವಳು. ಅನ್ನಲಿ ಬಿಡಿ. ರಾತ್ರಿ 11ಕ್ಕೆ ನಿದ್ದೆ ಬರುತ್ತಿದೆ. ಪಕ್ಕದ ಬಿಲ್ಡಿಂಗಿನ ನೀರಿನ ಪಂಪ್ ಸದ್ದಿಗೂ ಎಚ್ಚರ ಆಗುತ್ತಿಲ್ಲ.

ಭಾನುವಾರ ಮಾತ್ರ ಮೊದಲ ಡಿಕಾಕ್ಷನ್ ಪೂರ್ತಿ ನನ್ನದು. ಇವತ್ತಿನ್ನೂ ಶುಕ್ರವಾರ.